ತಿನ್ನದವರ ಬೆಳ್ಳುಳ್ಳಿ

ಇಡೀ ಗೋವಿಂದರಾಜನಗರದಲ್ಲಿ ನಮ್ಮ ಅತ್ತೆಯಷ್ಟು ಚೆನ್ನಾಗಿ ಬೆಳ್ಳುಳ್ಳಿ ಬೆಳೆಯುವವರು ಇನ್ನೊಬ್ಬರಿಲ್ಲ. ಹೇಳಿಕೊಳ್ಳಲು ನನಗೆ ಭಾರಿ ಹೆಮ್ಮೆ. ಬೆಳ್ಳುಳ್ಳಿ ಕಂಡರೆ ಅವರಷ್ಟು ಮೂಗು ಮುರಿಯುವವರೂ ಇನ್ನೊಬ್ಬರಿಲ್ಲ! ಹುಟ್ಟಿದಾಗಿನಿಂದ ಒಂದು ಎಸಳನ್ನೂ ಬಾಯಿಗೆ ಹಾಕಿದವರಲ್ಲ. ಹೆಸರು ಹೇಳಿದರೂ ವಾಸನೆ ಬರುತ್ತದೇನೋ ಎಂಬಂತೆ ಅದನ್ನು ‘ಅದು’ ಎಂದೇ ಕರೆಯುತ್ತಾರೆ. ಮದುವೆಯಾಗಿ ಬಂದ ಮೇಲೆ ನಾನು ಅದನ್ನು ತಿಂದದ್ದೆಲ್ಲ ಹೋಟೆಲಿನಲ್ಲೇ.

ಇಂಥವರು ತಾರಸಿಯ ಮೇಲೆ ಅದನ್ನೇಕೆ ಬೆಳೆದರು? ನಾನು ಬಸುರಿಯಾದೆ, ಅದಕ್ಕೆ! ಬಾಣಂತಿ ಬೆಳ್ಳುಳ್ಳಿ ತಿಂದರೆ ಹಾಲು ಚೆನ್ನಾಗಿ ಬರುತ್ತದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ತವರಿನಲ್ಲಿ ಬಾಣಂತನ ಮಾಡಲು ನನಗೆ ಅಮ್ಮ ಇಲ್ಲ. ಹೆರಿಗೆ ಶಿವರಾತ್ರಿಯ ಆಸುಪಾಸಿಗೆ. ಅಷ್ಟರೊಳಗೆ ಗೆಡ್ಡೆ ಬಲಿಯಲೇಬೇಕು ಎಂದು ಅತ್ತೆ ಹಟ ಹಿಡಿದರು.

“ಅಂಗಡೀಲೇ ಸಿಗತ್ತಲ್ಲ ಅತ್ತೆ?” ಎಂದೆ.

“ಅಂಗಡೀದು ಯಾವ ನೀರು ಕುಡಿದು ಬೆಳೆದಿದ್ಯೋ! ನಮ್ಮನೆ ಮಗೂಗೆ ನಮ್ಮನೇದೇ ಆಗ್ಬೇಕು.”

ಆದರೆ ಬಿತ್ತನೆಗಾದರೂ ಕೊಳ್ಳಬೇಕಲ್ಲ! ಆಯುಧಪೂಜೆ ಮುಗಿದ ಮೇಲೆ ಒಂದು ದಿನ ತಳ್ಳುಗಾಡಿಯವನನ್ನು ನಿಲ್ಲಿಸಿದರು.

“ಅದು ಕೊಡಪ್ಪಾ.”

“ಯಾವ್ದಮ್ಮಾ?”

“ಅದೇ, ಬೆಳ್ಳಗಿರತ್ತಲ್ಲ, ಮಣ್ಣೊಳಗೆ ಬೆಳೆಯೋದು.”

ಅವನು ಮೂಲಂಗಿ ಎತ್ತಿ ತೋರಿಸಿದ. ಕೊನೆಗೆ ಅತ್ತೆ ಬೆಳ್ಳುಳ್ಳಿ ರಾಶಿಯತ್ತ ಬೆರಳು ಮಾಡಿ, ಮುಖ ಆಚೆ ತಿರುಗಿಸಿಕೊಂಡು ಚೀಲ ಒಡ್ಡಿದರು.

ಕೆಟ್ಟು ಮೂಲೆಗೆ ಬಿದ್ದಿದ್ದ ವಾಷಿಂಗ್ ಮಷೀನಿನ ಡ್ರಮ್ಮಿಗೆ ಮಣ್ಣು, ಗೊಬ್ಬರ ತುಂಬಿ, ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು, ಒಂದೊಂದೇ ಎಸಳನ್ನು ಚೂಪು ತುದಿ ಮೇಲೆ ಬರುವಂತೆ ಊರಿದರು. ನೀರು ಹಾಕಿ ಬಂದಾಗಲೆಲ್ಲ ಮತ್ತೆ ಸ್ನಾನ!

ಪಕ್ಕದ ಮನೆಯ ಹುಡುಗಿ ತನ್ನ ತಾರಸಿಯಿಂದಲೇ ಕೇಳಿದಳು: “ಆಂಟಿ, ನಿಮ್ಮನೇಲಿ ಬೆಳ್ಳುಳ್ಳಿ ತಿನ್ನಲ್ಲ ಅಲ್ವಾ?”

“ತಿನ್ನಲ್ಲ ಕಣೇ. ಬೆಳೀಬಾರ್ದು ಅಂತ ಯಾರಾದ್ರೂ ಹೇಳಿದಾರಾ?”

ಹುಡುಗಿ ನಗುತ್ತ ಕೆಳಗಿಳಿದು ಹೋದಳು.

ಶಿವರಾತ್ರಿ ಹತ್ತಿರ ಬರುತ್ತಿದ್ದಂತೆ ಎಲೆ ಹಳದಿಗೆ ತಿರುಗಿತು. ಅತ್ತೆ ಗೆಡ್ಡೆ ಕಿತ್ತು, ಅದರಲ್ಲಿ ದಪ್ಪನೆಯದನ್ನು ಬೀದಿಯವರಿಗೆಲ್ಲ ತೋರಿಸಿ ಬಂದರು, ಮೂಗಿನಿಂದ ಮಾರು ದೂರ ಹಿಡಿದುಕೊಂಡು! ನೆರಳಿನಲ್ಲಿ ಅವು ಒಣಗುವ ಹೊತ್ತಿಗೆ ನನಗೆ ಮಗಳು ಹುಟ್ಟಿದಳು.

ಆಸ್ಪತ್ರೆಯಿಂದ ಬಂದ ದಿನ ನಮ್ಮ ಅಡುಗೆಮನೆಯಲ್ಲಿ ಮೊದಲ ಸಲ ಬೆಳ್ಳುಳ್ಳಿ ತುಪ್ಪದಲ್ಲಿ ಘಮ್ಮೆಂದಿತು. ಮೂಗಿಗೆ ಸೆರಗು ಕಟ್ಟಿಕೊಂಡು ಹುರಿದವರು ಅತ್ತೆಯೇ. ಬಿಸಿ ಅನ್ನಕ್ಕೆ ಅದನ್ನು ಹಾಕಿ ತಟ್ಟೆ ಕೊಟ್ಟು, ಎದುರಿಗೇ ಕೂತರು.

“ಚೆನ್ನಾಗಿದ್ಯಾ? ನಿಜ ಹೇಳು. ನಂಗೆ ಇದರ ರುಚಿ ಗೊತ್ತಿಲ್ಲಮ್ಮ.”

ಅಮ್ಮ ಹೋದ ಮೇಲೆ ಯಾರೂ ಹೀಗೆ ನನ್ನೆದುರು ಕೂತು ಉಣ್ಣಿಸಿರಲಿಲ್ಲ. ಕಣ್ಣಲ್ಲಿ ನೀರು ಬಂತು.

“ಅಯ್ಯೋ, ಅಷ್ಟೊಂದು ಖಾರಾನಾ?” ಎಂದು ಗಾಬರಿಯಾದ ಅತ್ತೆ, ಬಿಸಿನೀರು ತರಲು ಎದ್ದು ಓಡಿದರು.