ಆಷಾಢದ ಅಗ್ರಿಮೆಂಟು

ಝಲ್ ಝಲ್ ಎನ್ನುವ ಆ ಸದ್ದು ಈಗಲೂ ಕಿವಿಯಲ್ಲಿದೆ. ತುಮಕೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ವಾರ್ಡನ್ ಸಿಸ್ಟರ್ ಸೊಂಟಕ್ಕೆ ಬೀಗದ ಕೈಗಳ ಗೊಂಚಲು ಸಿಕ್ಕಿಸಿಕೊಂಡು ಕಾರಿಡಾರಿನ ತುದಿಯಿಂದ ಬರುತ್ತಿದ್ದರೆ ಹುಡುಗಿಯರೆಲ್ಲ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆವು. ಉಳಿದವರಿಗೆ ಅದು ಭಯದ ಸದ್ದು, ನನಗೆ ಹೊಟ್ಟೆಕಿಚ್ಚಿನ ಸದ್ದು. ಯಾರನ್ನೂ ಕೇಳದೆ ತೆಗೆಯುವ, ಯಾರಿಗೂ ಹೇಳದೆ ಹಾಕುವ ಬಾಗಿಲೊಂದು ನನಗೂ ಬೇಕು ಎಂದು ಆಗಲೇ ಡಿಸೈಡ್ ಮಾಡಿದ್ದೆ. ಆಮೇಲೆ ಬೀಗದ ಕೈಗಳೇನೋ ಬೇಕಾದಷ್ಟು ಬಂದವು. ಅತ್ತೆಯ ಉಗ್ರಾಣದ್ದು, ಯಜಮಾನರ ಬೀರುವಿನದು, ನಾನು ಇಂಗ್ಲಿಷ್ ಕಲಿಸುತ್ತಿದ್ದ ಸ್ಕೂಲಿನ ಲೈಬ್ರರಿಯದು. ಎಲ್ಲವೂ ಇನ್ನೊಬ್ಬರ ಬಾಗಿಲಿನವು. ಸ್ವಂತದ್ದೊಂದು ಸಿಗಲು ಎಪ್ಪತ್ತೆರಡು ವರ್ಷ ಹಿಡಿಯಿತು. ಅದೂ ಹನ್ನೊಂದು ತಿಂಗಳ ಮಟ್ಟಿಗೆ.

ರಿಟೈರ್ ಆದ ಮೇಲೆ ಮಧುಗಿರಿಯ ನಮ್ಮ ಮನೆ ಜಗಲಿಯಲ್ಲಿ ಕುಳಿತು ಜನರ ಇಂಗ್ಲಿಷ್ ಕಾಗದಗಳನ್ನು ಓದಿ ಅರ್ಥ ಹೇಳುವುದು, ಉತ್ತರ ಬರೆದುಕೊಡುವುದು ನನ್ನ ಹಾಬಿ. ಇನ್ಶೂರೆನ್ಸಿನ ಕಾಗದ, ಬ್ಯಾಂಕಿನ ಕಾಗದ, ಎಲ್ಲಕ್ಕಿಂತ ಹೆಚ್ಚಾಗಿ ಪಾವಗಡದ ಸೋಲಾರ್ ಪಾರ್ಕಿನ ಕಾಗದ. ಬಲಸಮುದ್ರದ ಕಡೆಯವರು ಜಮೀನನ್ನು ಸಾಕ್ಷಾತ್ ಸೂರ್ಯನಿಗೇ ಲೀಸಿಗೆ ಕೊಟ್ಟಿದ್ದಾರೆ. ಸೂರ್ಯ ಮಾತ್ರ ಪತ್ರವ್ಯವಹಾರವನ್ನೆಲ್ಲ ಇಂಗ್ಲಿಷಿನಲ್ಲೇ ಇಟ್ಟುಕೊಂಡಿದ್ದಾನೆ. "ಅಮ್ಮಾ, ಇದು ಒಳ್ಳೇ ಕಾಗ್ದಾನಾ, ಕೆಟ್ ಕಾಗ್ದಾನಾ, ಅಷ್ಟು ಚೆಪ್ತೇ ಚಾಲು," ಎಂದು ಆ ಕಡೆಯ ಹೆಂಗಸೊಬ್ಬಳು ಅರ್ಧ ತೆಲುಗಿನಲ್ಲಿ ಕೇಳಿದ್ದಳು. ಅಷ್ಟೇ ಸುಲಭವಾಗಿ ಹೇಳುವಂತಿದ್ದರೆ ಲಾಯರುಗಳೇಕೆ ಬೇಕು. ಇವರೆಲ್ಲರ ಚಪ್ಪಲಿಗಳು ಬಾಗಿಲಿನಿಂದ ಗೇಟಿನವರೆಗೆ ಸಾಲುಗಟ್ಟಿದ ಒಂದು ಬೆಳಿಗ್ಗೆ ಸೊಸೆ ಸುಧಾ, "ಅತ್ತೆ, ಇದು ಮನೆಯೋ ತಾಲ್ಲೂಕಾಫೀಸೋ? ರಂಗೋಲಿ ಎಲ್ಲಿಡ್ಲಿ ಹೇಳಿ, ನಿಮ್ಮ ಪಾರ್ಟಿಗಳ ತಲೆ ಮೇಲಾ?" ಎಂದಳು. ಅವಳದು ತಪ್ಪಲ್ಲ. ಆದರೆ ಎದುರಿನವರದು ತಪ್ಪಲ್ಲ ಎಂದು ಗೊತ್ತಾದಾಗಲೇ ನನಗೆ ಹೆಚ್ಚು ರೋಷ ಬರುವುದು. ಸರಿ, ಆಫೀಸೇ ಮಾಡುತ್ತೇನೆ ಎಂದು ಕೊಡೆ ಹಿಡಿದು ಹೊರಟೆ.

ಬಸ್ ಸ್ಟ್ಯಾಂಡಿನ ಹಿಂದೆ ಮರುಳಪ್ಪನವರ ಕಟ್ಟಡ. ಹಿಂದೆ ಕಡಲೆಕಾಯಿ ಮಂಡಿ ಇಟ್ಟಿದ್ದವರು. ಹಣೆ ತುಂಬ ವಿಭೂತಿ. ಮಹಡಿ ಮೇಲಿನ ಕೋಣೆ ಯುಗಾದಿಯಿಂದ ಖಾಲಿ ಬಿದ್ದಿತ್ತು. ಆಫೀಸು ಯಾರಿಗೆ ಎಂದರು. ನನಗೇ ಎಂದೆ. ಅವರು ಕತ್ತು ಓರೆ ಮಾಡಿ ನನ್ನ ಬೆನ್ನ ಹಿಂದೆ ಇಣುಕಿದರು.

"ಗಂಡಸ್ರು ಯಾರೂ ಬಂದಿಲ್ವಾ?"

"ಬಂದಿಲ್ಲ. ಬರೋದೂ ಇಲ್ಲ."

"ಹಂಗಲ್ಲ ಮೇಡಮ್ನೋರೆ. ನಿಮ್ ಮಗನ ಕೈಲೊಂದು ಸೈನ್ ಹಾಕ್ಸ್‌ಬುಡಿ. ಈ ವಯಸ್ನಲ್ಲಿ ಮಧ್ಯ ಏನಾರ ಹೆಚ್ಚುಕಮ್ಮಿ ಆದ್ರೆ ನಾನ್ ಯಾರ್ನ ಕೇಳ್ಲಿ?"

ಮಗ ಇಲ್ಲೇ ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಹೇಳಿದ್ದರೆ ಓಡಿಬಂದು ಸೈನ್ ಹಾಕುತ್ತಿದ್ದ. ನನ್ನ ತೊಂದರೆಯೇ ಅದು. ಅವನ ಹೆಬ್ಬೆರಳು ತೋರುಬೆರಳು ಹಿಡಿದು ಅವನ ಹೆಸರು ಬರೆಯಲು ಕಲಿಸಿದವಳು ನಾನು. ಈಗ ಆ ಹೆಸರು ನನಗೆ ಜಾಮೀನು ನಿಲ್ಲಬೇಕೇ? ಮರುಳಪ್ಪನವರ ವಯಸ್ಸು ಕೇಳಿದೆ. ಎಪ್ಪತ್ತೊಂಬತ್ತು ಎಂದರು. "ಹಾಗಾದರೆ ಹೆಚ್ಚುಕಮ್ಮಿ ಆಗೋದಿದ್ದರೆ ಸೀನಿಯಾರಿಟಿ ಪ್ರಕಾರ ನಿಮ್ಮದೇ ಮೊದಲು," ಎಂದೆ. ಹೊಟ್ಟೆ ಕುಲುಕಿಸಿ ನಕ್ಕರು. ನಕ್ಕು, "ಆಗ್ಲಿ, ಆಷಾಢ ಕಳೀಲಿ, ನೋಡಾಣ," ಎಂದರು.

ನಮ್ಮ ಕಡೆ ಆಷಾಢ ಕಳೆಯಲಿ ಎಂದರೆ ಅದು ತಾರೀಖಲ್ಲ, ಮರ್ಯಾದಸ್ಥರ 'ನೋ'. ಕೊರಟಗೆರೆಯಲ್ಲಿರುವ ನನ್ನ ತಮ್ಮನಿಗೆ ಹೀಗೆ ಹೇಳಿಸಿಕೊಂಡೇ ಮೂರು ಸಂಬಂಧಗಳು ತಪ್ಪಿದ್ದವು. ನಾಲ್ಕನೆಯದು ಹೇಗೋ ಮಾಘದಲ್ಲಿ ಬಂದದ್ದರಿಂದ ಬಚಾವಾದ. ಆದ್ದರಿಂದ ನಾನು ಕುರ್ಚಿ ಬಿಟ್ಟು ಏಳಲಿಲ್ಲ.

"ಇವತ್ತೇ ಬರೆಸೋಣ," ಎಂದೆ.

"ಆಷಾಢದಾಗಾ? ಯಾವ ಗಂಡ್ಸು ಬತ್ತಾನೆ ಮೇಡಮ್ನೋರೆ ಆಷಾಢದಾಗೆ ಅಗ್ರಿಮೆಂಟಿಗೆ ಸೈನ್ ಹಾಕಕ್ಕೆ?"

"ಯಾರೂ ಬರಲ್ಲ. ಅದಕ್ಕೇ ನಾನೊಬ್ಬಳೇ ಹಾಕ್ತೀನಿ."

ಮರುಳಪ್ಪನವರು ರಸ್ತೆಯ ಆಚೆಗೆ ಕೈಬೀಸಿ ಅಗ್ರಿಮೆಂಟಿಗೆ ಹೇಳಿದರು. ಇಷ್ಟು ವರ್ಷ ವ್ಯಾಪಾರ ಮಾಡಿದವರಿಗೆ ತಮ್ಮ ಮಾತಿಗೆ ತಾವೇ ಸಿಕ್ಕಿಬಿದ್ದದ್ದು ತಿಳಿಯದೇ? ಎದುರುಗಡೆಯ ಟೈಪಿಂಗ್ ಅಂಗಡಿಯಿಂದ ಛಾಪಾ ಕಾಗದ ತಯಾರಾಗಿ ಬಂತು. ಇನ್ನು ಇದನ್ನೂ ಹೇಳಿಬಿಡುತ್ತೇನೆ. ಅಂದು ಗುರುವಾರ, ಎರಡೂ ಮುಕ್ಕಾಲು ಗಂಟೆ. ಆಷಾಢವನ್ನು ಧಿಕ್ಕರಿಸಿದ ಈ ವೀರಮಹಿಳೆ ರಾಹುಕಾಲ ಮುಗಿಯಲೆಂದು ಬ್ಯಾಗಿನೊಳಗೆ ಕೈಹಾಕಿ ಕನ್ನಡಕ ಹುಡುಕುತ್ತಾ ಕುಳಿತಿದ್ದಳು. ಕನ್ನಡಕ ಮೂಗಿನ ಮೇಲೇ ಇತ್ತು. ಮರುಳಪ್ಪನವರು ಅದನ್ನು ನೋಡಿಯೂ ನೋಡದವರಂತೆ, "ಮೂರಕ್ಕೆ ಮುಗೀತದೆ, ಕಾಫಿ ಕುಡೀರಿ," ಎಂದರು. ಎಲ್ಲವನ್ನೂ ಒಂದೇ ದಿನ ಧಿಕ್ಕರಿಸಬಾರದು ಎಂಬುದು ನನ್ನ ಪಾಲಿಸಿ.

ಮಗ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಆಫೀಸಿಗೊಂದು ಟೇಬಲ್ ಫ್ಯಾನ್ ಕಳಿಸಿದ. ಸುಧಾ ಅಂಗಳದ ತುಂಬ ಎಂಥ ರಂಗೋಲಿ ಹಾಕಿದಳೆಂದರೆ ನಾನೇ ಸುತ್ತಿಕೊಂಡು ಹೊರಗೆ ಬರಬೇಕಾಯಿತು. ಪಾರ್ಟಿಗಳು ಮಹಡಿ ಹತ್ತಿ ಬಂದರು. ಬೆಳಿಗ್ಗೆ ಹತ್ತಕ್ಕೆ ನಾನೇ ಬೀಗ ತೆಗೆಯುತ್ತಿದ್ದೆ, ಮನಸ್ಸು ಬಂದಾಗ ಹಾಕುತ್ತಿದ್ದೆ. ವಯಸ್ಸಾಯಿತು, ಮನೆಯಲ್ಲಿ ಕೂತ್ಕೊಳ್ಳಿ ಎಂದವರಿಗೆಲ್ಲ, ಕೂತೇ ಇದ್ದೇನೆ, ಜಾಗ ಮಾತ್ರ ಬೇರೆ ಎನ್ನುತ್ತಿದ್ದೆ.

ಮರುಳಪ್ಪನವರನ್ನು ನಾನು ಕೊನೆಯ ಸಲ ನೋಡಿದ್ದು ಅಗ್ರಿಮೆಂಟ್ ಮುಗಿಯುವ ಹನ್ನೊಂದನೆಯ ತಿಂಗಳಲ್ಲಿ. ಮಂಡಿನೋವಿನಿಂದ ವರ್ಷಗಳಿಂದ ಮಹಡಿ ಹತ್ತದಿದ್ದವರು ಅಂದು ಒಂದೊಂದೇ ಮೆಟ್ಟಿಲು ಹತ್ತಿ, ಹೊಸ ಅಗ್ರಿಮೆಂಟ್ ಹಿಡಿದು ಬಂದರು. "ಮಗ ನಾನ್ ಹೋಯ್ತೀನಿ ಅಂದ. ನಾನೇ ಬ್ಯಾಡ ಅಂದೆ. ನನ್ ಕಟ್ಟಡ, ನನ್ ಸೈನು," ಎಂದು ಪೆನ್ನು ತೆಗೆದರು. ಪೆನ್ನಿನ ಮೊನೆ ಸೈನಿನ ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ಎರಡು ಸಲ ಕಾಗದದ ಮೇಲಿಟ್ಟು ಎರಡು ಸಲ ಎತ್ತಿದರು. ಇನ್ನೂ ಹನ್ನೊಂದು ತಿಂಗಳು ಈ ಬಾಗಿಲು ನನ್ನದಾಗಿರಬೇಕು ಎನ್ನುವುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು. "ಮರುಳಪ್ಪನವರೇ, ಯಾವುದಕ್ಕೂ ನಿಮ್ಮ ಮಗನದೂ ಒಂದು ಸೈನ್ ಇದ್ದರೆ ಸೇಫ್ ಅಲ್ಲವೇ?" ಎಂದುಬಿಟ್ಟೆ.

ಅವರು ನನ್ನನ್ನೊಮ್ಮೆ ನೋಡಿ, ನಿಧಾನವಾಗಿ ಪೆನ್ನಿಗೆ ಕ್ಯಾಪ್ ಹಾಕಿದರು. "ಆಗ್ಲಿ ಬುಡಿ ಮೇಡಮ್ನೋರೆ, ಅವ್ನೇ ಬಂದು ಹಾಕ್ತಾನೆ," ಎಂದು ಎದ್ದರು. ಇಳಿಸಲು ನಾನು ಕೈ ಚಾಚಿದೆ. ಅವರು ಗೋಡೆ ಹಿಡಿದುಕೊಂಡೇ ಇಳಿದುಹೋದರು.