ಸೇಂಗಾ ಗೋಡೌನಿನ ನಾಲ್ಕಂತಸ್ತಿನ ಹೊಲ

ಗೋಡೌನಿನೊಳಗೆ ಸೊಪ್ಪು ಬೆಳೆಯುತ್ತೇವೆ ಅಂದರೆ ಸಾಕು, ನಮ್ಮಲ್ಲಿ ಏನಾದರೊಂದು ನಡೆಯದೆ ದಿನ ಮುಗಿಯುವುದಿಲ್ಲ. ನನಗೆ ಮೊದಲೇ ಮಾತು ಕಡಿಮೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಭಾರಿ ಮಾತಾಡ್ತಾಳೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಎರಡೂ ಭಾಷೆಯಲ್ಲಿ ಸುಮ್ಮನಿರುವುದನ್ನು ಕಲಿತವಳು. ಹಾಗಾಗಿ ನೋಡಿದ್ದನ್ನೆಲ್ಲ ಇಲ್ಲಿ ಬರೆದುಬಿಡುತ್ತೇನೆ.

ಅಕ್ಕ ಕೃಷಿ ಓದಿ ಬಂದವಳು ಹಗರಿಬೊಮ್ಮನಹಳ್ಳಿಯಲ್ಲಿ ಸಾಹುಕಾರರೊಬ್ಬರ ಖಾಲಿ ಸೇಂಗಾ ಗೋಡೌನ್ ಬಾಡಿಗೆಗೆ ಹಿಡಿದಳು. ಕಬ್ಬಿಣದ ರ‍್ಯಾಕು, ಒಂದರ ಮೇಲೊಂದು ನಾಲ್ಕು ಅಂತಸ್ತು, ಹತ್ತಿ ಇಳಿಯಲು ಒಂದು ಏಣಿ. ಮಣ್ಣಿಲ್ಲ, ಪೈಪಿನಲ್ಲಿ ಗೊಬ್ಬರದ ನೀರು. ಬಿಸಿಲಿನ ಬದಲು ನೇರಳೆ ಬಣ್ಣದ ಎಲ್‌ಇಡಿ ದೀಪ. ಕೆಲಸಕ್ಕೆ ಅವಳು ಮತ್ತು ನಾನು. ಮೊದಲ ಸಲ ಸ್ವಿಚ್ ಒತ್ತಿದಾಗ ಗೋಡೌನಿಗೆ ಗೋಡೌನೇ ಹೊಳೆದುಬಿಟ್ಟಿತು. ಇಬ್ಬರೂ ಕೈ ಹಿಡಿದುಕೊಂಡು ಕುಣಿದೆವು.

ಬಾಗಿಲಲ್ಲಿ ನಿಂತಿದ್ದ ಸಾಹುಕಾರರು ಕುಣಿಯಲಿಲ್ಲ. "ಸೀಗಿ ಹುಣ್ಣಿವಿತನಕ ನೋಡ್ತೀನಿ. ಆಮ್ಯಾಲ ನಂದು ಸೇಂಗಾ ಬರ್ತೈತಿ. ಇದು ಹೊಲ ಅಂತ ಅನ್ನಿಸಿದ್ರ ಇರ್ರಿ, ಇಲ್ಲಾಂದ್ರ ಖಾಲಿ ಮಾಡ್ರಿ" ಅಂದರು.

ಅವತ್ತಿನಿಂದ ಅಕ್ಕನಿಗೆ ಅದೇ ಧ್ಯಾನ. ಇದು ಹೊಲ ಅಂತ ಈ ಮನುಷ್ಯನಿಗೆ ಅನ್ನಿಸುವುದು ಹೇಗೆ?

ಬೋರ್ಡ್ ಇಲ್ಲದ ಜಾಗ

ಸಂಜೆಯಾದರೆ ಕಿಟಕಿ ಗಾಜಿನಿಂದ ನೇರಳೆ ಬೆಳಕು ರಸ್ತೆಗೆ ಬೀಳುತ್ತಿತ್ತು. ಬೋರ್ಡ್ ಇನ್ನೂ ಬರೆಸಿರಲಿಲ್ಲ. ಒಂದು ಸಂಜೆ ಇಸ್ತ್ರಿ ಅಂಗಿಯ ಹಿರಿಯರೊಬ್ಬರು ಒಳಗೆ ಬಂದು, ದನಿ ತಗ್ಗಿಸಿ, "ಕೂಡಾಕ ಜಾಗ ಐತೇನವ್ವಾ?" ಅಂದರು. ಸ್ಟೂಲ್ ಕೊಟ್ಟೆ.

"ಎಸಿ ಚಲೋ ಹಾಕೀರಿ. ಲೈಟಿಂಗೂ ಚಲೋ ಐತಿ. ಹೊಸಪೇಟ್ಯಾಗ ಇಂಥಾದ್ದ ಒಂದು ನೋಡಿದ್ದೆ."

ಹೊಸಪೇಟೆಯಲ್ಲೂ ನಮ್ಮಂಥದ್ದೊಂದು ಇದೆ ಅನ್ನುವುದೇ ನನಗೆ ದೊಡ್ಡ ಸುದ್ದಿ. ಓಡಿಹೋಗಿ ಅಕ್ಕನನ್ನು ಕರೆದುಕೊಂಡು ಬಂದೆ. ಅಷ್ಟು ತಿಳಿದವರು ಬಂದಿದ್ದಾರೆಂದು ಅವಳು ಪುದೀನ, ಕೊತ್ತಂಬರಿ, ಲೆಟ್ಯೂಸ್ ಎಲ್ಲ ಒಂದೊಂದು ಎಳೆ ಕಿತ್ತು ತಟ್ಟೆಯಲ್ಲಿ ಜೋಡಿಸಿ ಅವರ ಮುಂದಿಟ್ಟಳು. ಅವರು ಒಂದೆಲೆ ಬಾಯಿಗೆ ಹಾಕಿಕೊಂಡರು. ಕಾದರು. ಇನ್ನೊಂದು ಎಲೆ ತಿಂದರು. ಮತ್ತೂ ಕಾದರು.

ಕೊನೆಗೆ ಬೇಸರದಿಂದ ಕೇಳಿದರು: "ನೆಂಚಿಕೊಳ್ಳಾಕ ಅಷ್ಟs ತಂದಿಟ್ರಿ. ಕುಡಿಯಾಕ ಯಾವಾಗ ತರ್ತೀರಿ?"

ಮಿರ್ಚಿ ಬಂಡಿಯ ಸುಧಾರಣೆ

ಬೆಳೆ ಅಂದಮೇಲೆ ಅದನ್ನು ಊರಿನವರು ತಿನ್ನಬೇಕು, ಆಗ ಸಾಹುಕಾರರಿಗೂ ನಂಬಿಕೆ ಬರುತ್ತದೆ ಅಂತ ಅಕ್ಕನ ವಾದ. ಬಸ್‌ಸ್ಟ್ಯಾಂಡ್ ಹತ್ತಿರದ ಮಿರ್ಚಿ ಬಂಡಿಯಣ್ಣನಿಗೆ ಒಂದು ಬುಟ್ಟಿ ಲೆಟ್ಯೂಸ್ ಪುಕ್ಕಟೆ ಕೊಟ್ಟಳು. ಮಂಡಕ್ಕಿ ಜೊತೆ ಹಸಿಯಾಗಿ ಇಡಬೇಕು, ಅದರಲ್ಲಿ ಶಕ್ತಿ ಇದೆ, ಆರೋಗ್ಯ ಇದೆ ಅಂತ ವಿವರಿಸಿದಳು. ಅವನು ಎಲ್ಲದಕ್ಕೂ ತಲೆಯಾಡಿಸಿದ.

ಮರುದಿನ ಸಂಜೆ ಹೋದರೆ ಬಂಡಿಯ ಸುತ್ತ ಜನ. ನಮ್ಮ ಲೆಟ್ಯೂಸ್ ಕಡಲೆಹಿಟ್ಟಿನಲ್ಲಿ ಮುಳುಗಿ, ಎಣ್ಣೆಯಲ್ಲಿ ಈಜಿ, ಬಜ್ಜಿಯಾಗಿ ಮೇಲೆ ಬರುತ್ತಿದೆ.

"ಅಣ್ಣಾ, ಹಸೀದು ಕೊಡ್ರಿ ಅಂದಿದ್ದೆ" ಅಂದಳು ಅಕ್ಕ.

"ಕೊಟ್ಟಿದ್ದೆ ತಂಗಿ. ಮೇಕಿ ತರಲಿಲ್ಲ ಯಾಕ ಅಂತ ಗಿರಾಕಿ ಕೇಳಿದ್ರು."

ಅಷ್ಟರಲ್ಲಿ ಜನರ ನಡುವೆ ನಮ್ಮ ಸಾಹುಕಾರರೇ ಪ್ಲೇಟ್ ಹಿಡಿದು ನಿಂತಿರುವುದು ಕಂಡಿತು. ಕಣ್ಣು ಮುಚ್ಚಿ ಸವಿಯುತ್ತಿದ್ದರು. ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅವರು ಕೊನೆಯ ತುಂಡು ಮುಗಿಸಿ, ಬಂಡಿಯವನಿಗೆ ಪ್ಲೇಟ್ ಚಾಚಿದರು.

"ಭಾಳ ಚಲೋ ಐತಿ. ಇನ್ನೊಂದು ಪ್ಲೇಟ್ ಕೊಡು. ಒಳಗಿನ ಎಲಿ ಒಂದು ಹಾಕಬ್ಯಾಡ."

ಪಾಲಿನ ಪ್ರಶ್ನೆ

ಗುಡೇಕೋಟೆ ಕಡೆಯ ರೈತರು ಟೆಂಪೊ ಮಾಡಿಕೊಂಡು ನೋಡಲು ಬಂದರು. ಎರಡು ದಿನದಿಂದ ಅಕ್ಕನ ಗಂಟಲು ಕಟ್ಟಿತ್ತು. ವಿವರಿಸುವ ಕೆಲಸ ನನಗೇ ಬಿತ್ತು. ಹಿಂದಿನ ದಿನವೆಲ್ಲ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೆ. ನೀರು ಮೇಲಿನ ರ‍್ಯಾಕಿಗೆ ಏರಿ, ಒಂದೊಂದೇ ಅಂತಸ್ತು ಇಳಿದು, ಕೆಳಗಿನ ತೊಟ್ಟಿಗೆ ಬಂದು ಮತ್ತೆ ಮೇಲೆ ಹೋಗುವುದನ್ನು ನೆಲ ನೋಡಿಕೊಂಡೇ ಹೇಳಿದೆ. ಯಾರೂ ನಗಲಿಲ್ಲ. ಬೋರು ಬತ್ತುವ ಸೀಮೆಯವರು, ಅದೇ ನೀರು ತಿರುತಿರುಗಿ ಬರುವುದನ್ನು ಬಾಯಿ ತೆರೆದು ನೋಡಿದರು. ನನಗೆ ಒಳಗೊಳಗೇ ರೆಕ್ಕೆ ಬಂದಂತಾಗಿ, ಏನಾದರೂ ಕೇಳುವುದಿದೆಯಾ ಅಂದೆ.

ರುಮಾಲಿನ ಅಜ್ಜ ಒಬ್ಬರು ಮುಂದೆ ಬಂದರು. "ಎಲ್ಲಾ ತಿಳೀತವ್ವ. ಅಣ್ಣತಮ್ಮರು ಪಾಲಾದ್ರ ಮ್ಯಾಲಿನ ಹೊಲ ಯಾರಿಗೆ, ಕೆಳಗಿಂದು ಯಾರಿಗೆ?"

ನನ್ನ ಅಭ್ಯಾಸದಲ್ಲಿ ಇದಿರಲಿಲ್ಲ. ಅಷ್ಟರಲ್ಲಿ ಅವರಲ್ಲೇ ಶುರುವಾಯಿತು. ಮೇಲಿನದು ಹಿರಿಯನಿಗೆ ಅಂದ ಒಬ್ಬ. ಹಿರಿಯ ನೀರು ಬಿಡದಿದ್ದರೆ ಅಂದ ಇನ್ನೊಬ್ಬ. ಕೆಳಗಿನವನು ಮೋಟರ್ ಬಂದ್ ಮಾಡಿದರೆ ಮೇಲಿನವನ ಗತಿಯೇನು ಅಂದ ಮತ್ತೊಬ್ಬ. ನಿಜವಾದ ಅಣ್ಣತಮ್ಮಂದಿರಿಬ್ಬರು ಅಲ್ಲೇ ಮುಖ ತಿರುಗಿಸಿಕೊಂಡು ನಿಂತರು.

ಅಜ್ಜ ನಿಟ್ಟುಸಿರು ಬಿಟ್ಟು ನನಗೆ ಹೇಳಿದರು: "ಇಷ್ಟು ದಿನ ಬದುವಿಗೆ ಬಡದಾಡ್ತಿದ್ವಿ. ಇನ್ನ ಏಣಿಗೆ ಬಡದಾಡ್ತೀವಿ."

ಸೀಗಿ ಹುಣ್ಣಿವೆ

ಕೊನೆಗೂ ಆ ದಿನ ಬಂದೇಬಿಟ್ಟಿತು. ನಮ್ಮ ಕಡೆ ಸೀಗಿ ಹುಣ್ಣಿವೆಗೆ ಬೆಳೆ ಹೊತ್ತ ಭೂಮಿತಾಯಿ ಬಸುರಿ ಅಂತ ಲೆಕ್ಕ. ಬಸುರಿಗೆ ಬಯಕೆ ಊಟ ಕೊಟ್ಟಂತೆ ಕಡಬು, ಪುಂಡಿಪಲ್ಲೆ, ಚಿತ್ರಾನ್ನ ಒಯ್ದು ಹೊಲದ ತುಂಬ ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ.

ಮುಂಜಾನೆ ಸಾಹುಕಾರರು ತೀರ್ಮಾನ ಹೇಳಲು ಬಂದರು. ಹಿಂದೆಯೇ ಚರಗದ ಬುಟ್ಟಿ ಹಿಡಿದು ಅವರ ಹೆಂಡತಿ. ಅವರನ್ನು ನಾವು ಅಮ್ಮಾರು ಅನ್ನುತ್ತೇವೆ.

"ನಮ್ಮ ಹೊಲಕ್ಕ ಹೊಂಟಿದ್ವಿ. ಇದೂ ಹೊಲ ಅಂತೀರಲ್ಲ, ಇಲ್ಲೂ ಒಂದು ಹಿಡಿ ಚೆಲ್ಲಿ ಹೋಗ್ತೀನಿ" ಅಂತ ಅಮ್ಮಾರು ಚಿತ್ರಾನ್ನಕ್ಕೆ ಕೈ ಹಾಕಿದರು.

ಅಕ್ಕ ಏಣಿಯ ಮೇಲಿದ್ದಳು, ಎರಡೂ ಕೈಯಲ್ಲಿ ಟ್ರೇ. ಒಂದಗುಳು ಅನ್ನ ಬಿದ್ದರೂ ಬೂಷ್ಟು ಹಿಡಿದು ರ‍್ಯಾಕಿಗೆ ರ‍್ಯಾಕೇ ಹಾಳು. ಬೇಡ ಅಂದರೆ ಇದು ಹೊಲ ಅಲ್ಲ ಅಂತ ನಾವೇ ಒಪ್ಪಿಕೊಂಡ ಹಾಗೆ. ಅಕ್ಕ ಮೇಲಿನಿಂದ ನನ್ನನ್ನೇ ನೋಡಿದಳು. ನನ್ನ ಬಾಯಿಗೆ ಬಂದದ್ದೆಲ್ಲ ಇಂಗ್ಲಿಷು. ನುಂಗಿಕೊಂಡೆ.

"ಅಮ್ಮಾರ, ಹೊಲದಾಗಿನ ತಾಯಿ ಇನ್ನೂ ಬಸುರಿ. ಇಲ್ಲಿ ಆಗಲೇ ಹೆರಿಗಿ ಆಗೈತ್ರಿ" ಅಂದುಬಿಟ್ಟೆ. ಒಂದು ಟ್ರೇ ಮೇಲಿನ ಒದ್ದೆ ಬಟ್ಟೆ ಸರಿಸಿದೆ. ನಿನ್ನೆ ಮೊಳೆತ ಸಾಸಿವೆ, ತಲೆ ಎತ್ತಲೂ ಬಾರದೆ ಒಂದಕ್ಕೊಂದು ಒರಗಿಕೊಂಡಿತ್ತು.

ಅಮ್ಮಾರ ಕೈ ಬುಟ್ಟಿಯಲ್ಲೇ ನಿಂತಿತು. ಬಗ್ಗಿ ನೋಡಿದರು. "ಅಯ್ಯ, ಹಸಿಗೂಸು. ಮೊದಲs ಹೇಳಬಾರದೇನ" ಅಂದರು ಪಿಸುದನಿಯಲ್ಲಿ. ಮುಚ್ಚಿದ ಕಿಟಕಿ, ಬಾಗಿಲಲ್ಲಿ ಕಾಲು ತೊಳೆಯಲು ಇಟ್ಟ ನೀರು, ಬಟ್ಟೆ ಹೊದ್ದ ಟ್ರೇ ಎಲ್ಲವನ್ನೂ ಒಮ್ಮೆ ನೋಡಿದರು. ಆಮೇಲೆ ನಾವು ಏನೂ ಹೇಳಬೇಕಾಗಲಿಲ್ಲ.

"ಬಾಣಂತಿ ಕ್ವಾಣಿಗೆ ಚಪ್ಪಲಿ ಹಾಕ್ಕೊಂಡು ಬರ್ತಾರೇನ್ರಿ? ನಡೀರಿ ಹೊರಗ" ಅಂತ ಸಾಹುಕಾರರನ್ನು ಅವರದೇ ಗೋಡೌನಿನಿಂದ ಆಚೆ ದಬ್ಬಿದರು.

ಬಾಗಿಲಾಚೆಯಿಂದ ಸಾಹುಕಾರರು, "ಖಾಲಿ ಮಾಡಸಾಕ ಬಂದೀನಿ. ಸೇಂಗಾ ಎಲ್ಲಿ ಇಡಲಿ?" ಅಂದರು.

"ಬಾಣಂತೀನ ಹೊರಗ ಹಾಕಿದ್ರ ಮಂದಿ ಏನಂದಾರು?"

ಸಾಹುಕಾರರು ಚಪ್ಪಲಿ ಕಳಚಿ ಬದಿಗಿಟ್ಟರು. "ಆತು, ಬಾಣಂತನ ಮುಗಿಯೋತನಕ ಇರ್ಲಿ. ಯಾವಾಗ ಮುಗೀತೈತಿ ಕೇಳು."

ಅಮ್ಮಾರು ನನ್ನ ಕಡೆ ತಿರುಗಿದರು. ಪ್ರತಿ ವಾರ ಹೊಸ ಟ್ರೇ ಮೊಳೆಯುತ್ತದೆ ಅಂತ ಇದ್ದದ್ದನ್ನೇ ಹೇಳಿದೆ. ಅವರು ಸೆರಗು ಸರಿಮಾಡಿಕೊಂಡು, ಬಾಗಿಲು ಅರ್ಧ ಮುಚ್ಚಿ, ಗಂಡನಿಗೆ ಹೇಳಿದರು:

"ಈಕಿ ವಾರಕ್ಕೊಮ್ಮೆ ಹಡೀತಾಳಂತ. ನೀವು ಸೇಂಗಾಕ್ಕ ಬ್ಯಾರೆ ಜಾಗ ನೋಡ್ಕೊಳ್ರಿ."