ಅವ್ವನ ಅಲ್ಯೂಮಿನಿಯಂ ಬೇಲಿ

ಮನೆಯಲ್ಲಿ ಒಂದು ಮೊಳೆ ಹೊಡೆಸಿದರೂ ನಾಲ್ಕು ದಿನ ನಗುವಂಥದ್ದು ಏನಾದರೂ ಆಗಿಯೇ ತೀರುತ್ತದೆ. ನಾವು ಹಾಕಿಸಿದ್ದು ಇಡೀ ಬೇಲಿ.

ಚಳ್ಳಕೆರೆಯ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಮೊದಲು ಒಂದು ಮೋಟುಗೋಡೆ ಇತ್ತು. ಗೋಡೆಯಾಚೆ ಲಾರಿ ಮೆಕ್ಯಾನಿಕ್ಕನ ಹೆಂಡತಿ. ಓಣಿಗೆಲ್ಲ ಆಕೆ ಖಾಲಾ, ಅಂದರೆ ಚಿಕ್ಕಮ್ಮ. ಈಚೆ ನಮ್ಮವ್ವ. ಸಂಜೆಯಾದರೆ ಇಬ್ಬರೂ ಗೋಡೆಗೆ ಒರಗಿ ಮಾತಿಗೆ ನಿಲ್ಲುತ್ತಿದ್ದರು. ಹೋದ ವರ್ಷ ಗಂಡ ಮೊಳಕಾಲ್ಮೂರಿನಲ್ಲಿ ಗ್ಯಾರೇಜ್ ಹಾಕಿದ, ಖಾಲಾ ಹೊರಟುಹೋದಳು. ಮನೆ ಕೊಂಡವರು ಅದನ್ನೂ ಗೋಡೆಯನ್ನೂ ಕೆಡವಿ ಖಾಲಿ ಸೈಟು ಮಾಡಿದರು. ಆಡು, ನಾಯಿ ಎಲ್ಲ ಸೀದಾ ನಮ್ಮ ಅಂಗಳಕ್ಕೇ ಬರತೊಡಗಿದವು. ಕಬ್ಬಿಣವಾದರೆ ತುಕ್ಕು ಹಿಡಿಯುತ್ತೆ ಅಂತ ಅಲ್ಯೂಮಿನಿಯಂ ಬೇಲಿ ಎಂದು ತೀರ್ಮಾನವಾಯಿತು.

ಅಳತೆ

ಬೇಲಿ ಕೂರಿಸುವವನು ಟೇಪು ಹಿಡಿದು, "ಎಷ್ಟೆತ್ತರ ಇರ್ಲಮ್ಮಾ?" ಅಂದ. ಅವ್ವ ಎದೆಮಟ್ಟಕ್ಕೆ ಕೈ ಇಟ್ಟು, "ಇಷ್ಟು ಸಾಕು" ಅಂದಳು.

"ಅಷ್ಟೇನಾ? ಕಳ್ಳ ಹಾರಿ ಬರ್ತಾನೆ."

"ಬರ್ಲಿ ಬಿಡಪ್ಪಾ. ಅವನಾದ್ರೂ ಉಂಡ್ಯಾ ಅಂತ ಕೇಳ್ಯಾನು."

ಬಣ್ಣ

ಬಣ್ಣ ಯಾವುದೆಂದು ಖಾಲಾನೇ ಹೇಳಬೇಕು ಅಂತ ಅವ್ವನ ಹಟ. ವಿಡಿಯೋ ಕಾಲ್ ಮಾಡಿಕೊಟ್ಟೆ. ಅವ್ವ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಅರೇ, ಬರೀ ಕಿವಿ ಕಾಣ್ತೈತಲ್ಲೇ! ಬಣ್ಣ ತೋರ್ಸು!" ಅಂತ ಖಾಲಾ ಕೂಗಿದಳು.

ನಾನು ಫೋನನ್ನು ಮುಖದೆದುರು ಹಿಡಿದೆ. ಮುಖ ಕಂಡದ್ದೇ ತಡ, ಇಬ್ಬರಿಗೂ ಬಣ್ಣ ಮರೆತೇ ಹೋಯಿತು. ಒಬ್ಬರನ್ನೊಬ್ಬರು ನೋಡಿಕೊಂಡೇ ಇದ್ದರು. ಅಷ್ಟರಲ್ಲಿ ಕಾಲ್ ಕಟ್ಟಾಯಿತು.

"ಏನಂದ್ರಮ್ಮಾ?" ಅಂತ ಬೇಲಿಯವನು ಕೇಳಿದ.

ಅವ್ವ ಕಣ್ಣೊರೆಸಿಕೊಂಡು, "ಪಾಪ, ಬಿಸಿಲಿಗೆ ಕಪ್ಪಾಗವ್ಳೆ" ಅಂದಳು.

ಅವನಿಗೆ ಕೇಳಿಸಿದ್ದು ಕಪ್ಪು ಅನ್ನುವುದಷ್ಟೇ. ಹಾಗೆ ನಮ್ಮ ಬೇಲಿ ಕಪ್ಪಾಯಿತು.

ಕಂಬ

ಅವನ ಊರು ಮೊಳಕಾಲ್ಮೂರು ಅಂತ ಗೊತ್ತಾದದ್ದು ಕಂಬ ನೆಡುವಾಗ. ಅವ್ವ ಅಲ್ಲೇ ಕುಕ್ಕರಿಸಿದಳು.

"ನಮ್ ಖಾಲಾನ ನೋಡಿದ್ದೀಯೇನಪ್ಪಾ?"

"ಗೊತ್ತಿಲ್ಲಮ್ಮಾ. ಊರು ದೊಡ್ಡದೈತೆ."

"ದನೀನಾದ್ರೂ ಕೇಳಿಲ್ವಾ?"

"ಇಲ್ಲ."

"ಹಂಗಾದ್ರೆ ನೀನು ಆ ಊರವನೇ ಅಲ್ಲ!"

ಅವನಿಗೆ ಅವಮಾನವಾಗಿರಬೇಕು. ಮರುದಿನ ಬರುತ್ತಲೇ, "ಆಯಮ್ಮನ ದನಿ ಕೇಳಿದೆನಮ್ಮಾ. ಗ್ಯಾರೇಜ್ ತನಕ ಹೋಗೋದೇ ಬೇಕಾಗ್ಲಿಲ್ಲ. ಬಸ್ ಸ್ಟ್ಯಾಂಡಿಗೇ ಕೇಳ್ತಿತ್ತು" ಅಂದ.

ಬೇಲಿ ನೋಡೋಕೆ

ಕೆಲಸ ಮುಗಿದ ಮೇಲೆ ಖಾಲಾ ಬಸ್ಸು ಹತ್ತಿ ಬಂದೇಬಿಟ್ಟಳು. ಅವ್ವ ನಡುಮನೆಯಲ್ಲಿ ಕುರ್ಚಿ ಹಾಕಿ, ನೆಂಟರಿಗೆ ಕೊಡುವ ಪಿಂಗಾಣಿ ಲೋಟದಲ್ಲಿ ಚಾ ಕೊಟ್ಟಳು. ಖಾಲಾ ಸೆರಗು ಸರಿಮಾಡಿಕೊಂಡು ಕೂತಳು.

"ಚೆನ್ನಾಗಿದ್ದೀರಾ?"

"ಹ್ಞೂಂ. ನೀವು?"

ಜೀವಮಾನದಲ್ಲಿ ಒಬ್ಬರಿಗೊಬ್ಬರು ಬಹುವಚನ ಹಚ್ಚಿದವರಲ್ಲ. ಮಾತು ಅಲ್ಲಿಗೇ ನಿಂತುಹೋಯಿತು. ಇಷ್ಟು ದಿನ ಕಾದದ್ದು ಇದಕ್ಕಾ ಅಂದುಕೊಂಡೆ.

ಖಾಲಾ ಲೋಟ ಕೆಳಗಿಟ್ಟು, "ಇಲ್ಲಿ ಆಗಲ್ಲ ಕಣೇ" ಅಂತ ಎದ್ದಳು. ರಸ್ತೆಗೆ ಹೋಗಿ, ಸುತ್ತು ಹಾಕಿ, ಖಾಲಿ ಸೈಟಿನ ಕಲ್ಲುಮಣ್ಣು ದಾಟಿ, ಬೇಲಿಯಾಚೆ ಬಂದು ಸರಳು ಹಿಡಿದು ನಿಂತಳು. ಅವ್ವ ಅಂಗಳಕ್ಕೆ ಓಡಿದಳು. ಇಬ್ಬರದೂ ಒಟ್ಟಿಗೇ ಶುರುವಾಯಿತು. ಕೇಳುವವರೇ ಇಲ್ಲ, ಇಬ್ಬರೂ ಹೇಳುವವರೇ.

ಅಷ್ಟೊತ್ತಿಗೆ ಸೈಟಿನ ಹೊಸ ಯಜಮಾನ ಸ್ಕೂಟರಿನಲ್ಲಿ ಬಂದಿಳಿದ. "ಯಾರಮ್ಮಾ ನೀವು? ನಮ್ ಸೈಟಾಗೆ ಏನ್ ಮಾಡ್ತಿದ್ದೀರ?"

ಖಾಲಾ ತಿರುಗಿಯೂ ನೋಡಲಿಲ್ಲ. "ಆ ಕಡೆ ನಿಂತ್ಕೋ ಭಾಯಿ, ಮಾತಾಡ್ತಿರೋದು ಕಾಣ್ಸಲ್ವಾ?"

ಪಾಪ, ತನ್ನದೇ ಸೈಟಿನ ಹೊರಗೆ ನಿಂತು ಕಾದ. ಕಾದೂ ಕಾದೂ ನನ್ನನ್ನು ಕರೆದು, "ಇನ್ನೂ ಎಷ್ಟೊತ್ತಾಗುತ್ರೀ?" ಅಂತ ಮೆಲ್ಲಗೆ ಕೇಳಿದ.

"ಹೇಳಾಕ್ಕಾಗಲ್ರೀ," ಅಂದೆ. "ಹೋದ ಸಲ ಇವ್ರ ಮಾತು ನಿಲ್ಬೇಕಾದ್ರೆ ಮನೇನೇ ಖಾಲಿ ಮಾಡ್ಬೇಕಾಯ್ತು."